ಮಾತ್ರೆ ಯಾವಾಗ ನಿಲ್ಲಿಸೋದು? ಏಳು ವರ್ಷದ ಒಂದು ಪ್ರಕರಣ

ನಾನು ಚಟದ ಕಾಯಿಲೆಗಳಿಗೆ ಚಿಕಿತ್ಸೆ ಕೊಡುವ ವೈದ್ಯೆ. ಏಳು ವರ್ಷದಿಂದ ನಾನು ನೋಡಿಕೊಳ್ಳುತ್ತಿರುವ ಒಬ್ಬರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಔಷಧ, ಡೋಸು, ಆದ ತಪ್ಪು, ಇವನ್ನು ಮಾತ್ರ ಬದಲಿಸಿಲ್ಲ. ತಪ್ಪಿನಲ್ಲಿ ದೊಡ್ಡ ಪಾಲು ನನ್ನದು. ಅದನ್ನು ಹೇಳದೆ ಈ ಪ್ರಕರಣ ಬರೆದರೆ ಯಾರಿಗೂ ಉಪಯೋಗವಿಲ್ಲ.

ಮೊದಲ ಭೇಟಿ

ಬಂದಾಗ ಅವರಿಗೆ 34 ವರ್ಷ. ಎಲೆಕ್ಟ್ರಿಷಿಯನ್ ಕೆಲಸ. ಕೆಲಸದಲ್ಲಿ ಏಣಿಯಿಂದ ಬಿದ್ದು ಬೆನ್ನುಮೂಳೆ ಬಿರುಕು ಬಿಟ್ಟಿತ್ತು. ಆಗ ಮಾರ್ಫಿನ್ ಜಾತಿಯ ನೋವಿನ ಮಾತ್ರೆ ಕೊಟ್ಟಿದ್ದರು. ಮೂಳೆ ಕೆಲವು ತಿಂಗಳಲ್ಲಿ ಕೂಡಿಕೊಂಡಿತು, ಮಾತ್ರೆ ಬಿಡಲು ಆಗಲಿಲ್ಲ. ವೈದ್ಯರು ಚೀಟಿ ಬರೆಯುವುದನ್ನು ನಿಲ್ಲಿಸಿದ ಮೇಲೆ ಅವರಿವರ ಹತ್ತಿರ ಕೊಂಡರು. ಆಮೇಲೆ ಹೆರಾಯಿನ್. ಮೊದಲು ಹೊಗೆ, ಒಂದು ವರ್ಷದೊಳಗೆ ಸೂಜಿ. ನನ್ನ ಮುಂದೆ ಕೂತ ದಿನಕ್ಕೆ ನಾಲ್ಕು ವರ್ಷ ಆಗಿತ್ತು. ದಿನಕ್ಕೆ ಮೂರು ನಾಲ್ಕು ಸಲ ಬೇಕಿತ್ತು.

"ಈಗ ಮಜಾ ಅಂತ ಏನೂ ಇಲ್ಲ ಡಾಕ್ಟ್ರೇ," ಅಂದರು. "ತಗೊಂಡ್ರೆ ಎದ್ದು ಕೆಲಸಕ್ಕೆ ಹೋಗ್ತೀನಿ. ಇಲ್ಲಾಂದ್ರೆ ಏಳೋಕೇ ಆಗಲ್ಲ."

ಈ ಕಾಯಿಲೆಯನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಮಾತು ನನ್ನ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಮಿದುಳಿನಲ್ಲಿ ಓಪಿಯಾಯ್ಡ್, ಅಂದರೆ ಮಾರ್ಫಿನ್ ಹೆರಾಯಿನ್ ಜಾತಿಯ ವಸ್ತು, ಬಂದು ಕೂರುವ ಜಾಗಗಳಿವೆ. ವರ್ಷಗಟ್ಟಲೆ ಅವು ತುಂಬಿಯೇ ಇದ್ದರೆ ಮಿದುಳು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಆಮೇಲೆ ಖಾಲಿಯಾದ ಕೂಡಲೇ ಇಡೀ ಮೈ ಗಲಾಟೆ ಎಬ್ಬಿಸುತ್ತದೆ. ಹೆರಾಯಿನ್ ಆದರೆ ಆರರಿಂದ ಹನ್ನೆರಡು ಗಂಟೆಯೊಳಗೆ ಶುರು. ಆಕಳಿಕೆ, ಮೂಗು ಕಣ್ಣಲ್ಲಿ ನೀರು, ಮೈಯೆಲ್ಲ ಜುಮ್ಮೆನ್ನುವುದು, ವಾಂತಿ ಭೇದಿ, ಮೂಳೆಯೊಳಗಿಂದ ನೋವು, ಒಂದು ನಿಮಿಷ ಸುಮ್ಮನಿರದ ಕಾಲು. ಎರಡನೇ ಮೂರನೇ ದಿನ ತೀರಾ ಜಾಸ್ತಿ. ಐದರಿಂದ ಏಳು ದಿನಕ್ಕೆ ಮೈಗೆ ಸಂಬಂಧಪಟ್ಟದ್ದು ತಗ್ಗುತ್ತದೆ.

ಆ ಒಂದು ವಾರ ಕಳೆದರೆ ಮುಗಿಯಿತು ಅಂತ ಜನ ತಿಳಿದಿದ್ದಾರೆ. ಇವರೂ ಹಾಗೇ ತಿಳಿದು ಆರು ಸಲ ಬಿಟ್ಟಿದ್ದರು. ಐದು ಸಲ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಒಂದು ಸಲ ಚಟ ಬಿಡಿಸುವ ಕೇಂದ್ರದಲ್ಲಿ ಹತ್ತು ದಿನ ಇದ್ದು. ಆರೂ ಸಲ ಆ ವಾರ ದಾಟಿದ್ದರು, ಆರೂ ಸಲ ಮತ್ತೆ ಶುರು ಮಾಡಿದ್ದರು. ನಿದ್ದೆ ಕೆಡುವುದು, ಯಾವುದರಲ್ಲೂ ಖುಷಿ ಇಲ್ಲದಿರುವುದು, ಇದ್ದಕ್ಕಿದ್ದಂತೆ ಬೇಕೆನ್ನಿಸುವುದು, ಇವೆಲ್ಲ ತಿಂಗಳುಗಟ್ಟಲೆ ಉಳಿಯುತ್ತವೆ. ಮನೆಯವರ ಕಣ್ಣಿಗೆ ಅದು ಕಾಣುವುದಿಲ್ಲ. ಅವರಿಗೆ ಕಾಣುವುದು "ಇಷ್ಟು ಕಷ್ಟಪಟ್ಟು ಬಿಟ್ಟವನು ಮತ್ತೆ ಹೋದ" ಅನ್ನುವುದು ಮಾತ್ರ.

ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಇರಲಿಲ್ಲ, ಹೆಪಟೈಟಿಸ್ ಸಿ ಇತ್ತು. ಬುಪ್ರೆನಾರ್ಫಿನ್ ಶುರು ಮಾಡುವುದೆಂದು ನಿರ್ಧರಿಸಿದೆವು.

ನಾಲಿಗೆಯ ಕೆಳಗಿನ ಮಾತ್ರೆ

ಬುಪ್ರೆನಾರ್ಫಿನ್ ಕೂಡ ಓಪಿಯಾಯ್ಡೇ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಅದು ಮಿದುಳಿನ ಅದೇ ಜಾಗಗಳಲ್ಲಿ ಹೋಗಿ ಬಿಗಿಯಾಗಿ ಕೂರುತ್ತದೆ, ಆದರೆ ಅರ್ಧಂಬರ್ಧ ಕೆಲಸ ಮಾಡುತ್ತದೆ. ಮೈ ಗಲಾಟೆ ನಿಲ್ಲಲು ಅಷ್ಟು ಸಾಕು. ಒಂದು ಮಟ್ಟ ದಾಟಿದ ಮೇಲೆ ಡೋಸ್ ಏರಿಸಿದರೂ ಉಸಿರು ಇನ್ನಷ್ಟು ಕುಗ್ಗುವುದಿಲ್ಲ. ಅದಕ್ಕೇ ಹೆರಾಯಿನ್‌ಗಿಂತ ಎಷ್ಟೋ ಸುರಕ್ಷಿತ. ಹೆಚ್ಚಿನವರಿಗೆ ದಿನಕ್ಕೆ ಒಂದು ಸಲ ಸಾಕು, ಅಷ್ಟು ನಿಧಾನವಾಗಿ ಇಳಿಯುತ್ತದೆ.

ಒಂದು ಎಚ್ಚರ ಬೇಕು. ಮೈಯಲ್ಲಿ ಹೆರಾಯಿನ್ ಇನ್ನೂ ಇರುವಾಗ ಇದನ್ನು ಕೊಟ್ಟರೆ ಅದನ್ನು ಒಮ್ಮೆಲೇ ತಳ್ಳಿಹಾಕುತ್ತದೆ. ಆಗ ಆ ಏಳು ದಿನದ ಕಷ್ಟವೆಲ್ಲ ಅರ್ಧ ಗಂಟೆಯಲ್ಲಿ ಮೈಮೇಲೆ ಬೀಳುತ್ತದೆ. ಹಾಗಾದವರು ಈ ಮಾತ್ರೆಯನ್ನು ಮತ್ತೆ ಮುಟ್ಟುವುದಿಲ್ಲ. ಆದ್ದರಿಂದ ಕಷ್ಟ ಶುರುವಾಗುವ ತನಕ ಕಾಯಬೇಕು. ಹಿಂದಿನ ರಾತ್ರಿ ಎಂಟಕ್ಕೆ ಕೊನೆಯ ಸಲ ತೆಗೆದುಕೊಂಡು ಮರುದಿನ ಬೆಳಿಗ್ಗೆ ಎಂಟೂವರೆಗೆ ಬಂದರು. ನಾಡಿ, ಬೆವರು, ಕಣ್ಣಿನ ಪಾಪೆ, ಆಕಳಿಕೆ ಹೀಗೆ ಹನ್ನೊಂದು ವಿಷಯ ನೋಡಿ ಅಂಕ ಹಾಕುವ ಪಟ್ಟಿ ಇದೆ. ಇವರ ಅಂಕ 13. ನಾಲ್ಕು ಮಿಲಿಗ್ರಾಂ ನಾಲಿಗೆಯ ಕೆಳಗೆ ಇಟ್ಟುಕೊಂಡರು. ಮುಕ್ಕಾಲು ಗಂಟೆಯಲ್ಲಿ ಕಾಲಿನ ಚಡಪಡಿಕೆ ನಿಂತಿತು. ಇನ್ನೂ ನಾಲ್ಕು ಕೊಟ್ಟೆವು. ಹೊರಗೆ ಬೆಂಚಿನ ಮೇಲೆ ಕೂತವರಿಗೆ ಹಾಗೇ ನಿದ್ದೆ ಹತ್ತಿತು. ನರ್ಸ್ ಹೋಗಿ ಉಸಿರು ಎಣಿಸಿದರು, ನಿಮಿಷಕ್ಕೆ 16. ಮುಟ್ಟಿದರೆ ಎಚ್ಚರವಾಗುತ್ತಿದ್ದರು. ಸುಮ್ನೆ ದಣಿದಿದ್ದರು ಅಷ್ಟೆ.

ನನ್ನ ಮೊದಲ ತಪ್ಪು ಇಲ್ಲೇ ಆಯಿತು. ಎಂಟು ಮಿಲಿಗ್ರಾಂನಲ್ಲಿ ಸರಿಹೋಯಿತಲ್ಲ ಎಂದು ಅಲ್ಲೇ ನಿಲ್ಲಿಸಿದೆ. ಬಹಳ ಜನರಿಗೆ 16 ಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು. ಕಡಿಮೆ ಇದ್ದಷ್ಟು ಒಳ್ಳೆಯದು ಅನ್ನುವ ಭಾವನೆ ಮಾತ್ರ ಮನಸ್ಸಿನಲ್ಲಿ ಕೂತಿತ್ತು. ಅವರು ದಿನಾ ಬೆಳಿಗ್ಗೆ ಐದಕ್ಕೇ ಎದ್ದು ಮಾತ್ರೆ ಹಾಕಿಕೊಳ್ಳುತ್ತಿದ್ದರು. ಅಂದರೆ ಔಷಧ ಒಂದು ಪೂರ್ತಿ ದಿನ ತಡೆಯುತ್ತಿರಲಿಲ್ಲ. ಅದನ್ನು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಜಾಸ್ತಿ ಕೇಳಿದರೆ ಮತ್ತೆ ಚಟ ಅಂತ ನಾನು ಅಂದುಕೊಳ್ಳಬಹುದು ಎಂದು ಹೆದರಿದ್ದರಂತೆ. ಇದು ತಿಳಿದದ್ದು ಸುಮಾರು ಎರಡು ವರ್ಷ ಆದ ಮೇಲೆ.

ಎಲ್ಲರೂ ಖುಷಿಯಾಗಿದ್ದ ದಿನ

ಹದಿನಾಲ್ಕು ತಿಂಗಳು ಚೆನ್ನಾಗಿ ನಡೆಯಿತು. ಕೆಲಸಕ್ಕೆ ವಾಪಸ್ ಹೋದರು. ಹನ್ನೆರಡು ವಾರ ಮಾತ್ರೆ ತೆಗೆದುಕೊಂಡು ಹೆಪಟೈಟಿಸ್ ಸಿ ಪೂರ್ತಿ ವಾಸಿಯಾಯಿತು. ಮೂತ್ರ ಪರೀಕ್ಷೆಯಲ್ಲಿ ಹೆರಾಯಿನ್ ಕಾಣಲಿಲ್ಲ.

ಆಗ ಅವರ ಅಣ್ಣ ಬಂದರು. ಒಂದೇ ಮನೆಯಲ್ಲಿ ಇದ್ದವರು, ಕಷ್ಟದ ವರ್ಷಗಳಲ್ಲಿ ಮನೆ ನಡೆಸಿದವರು. "ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದ ಹಾಗಾಯ್ತಲ್ಲ ಡಾಕ್ಟ್ರೇ. ಮಾತ್ರೆ ಯಾವಾಗ ನಿಲ್ಲಿಸ್ತೀರಿ?" ಅಂದರು.

ಸಕ್ಕರೆ ಕಾಯಿಲೆಯವರು ದಿನಾ ಔಷಧ ತೆಗೆದುಕೊಳ್ಳುವುದಿಲ್ಲವೇ, ಇದೂ ಹಾಗೇ ಎಂದು ನಾನು ಹೋಲಿಕೆ ಕೊಟ್ಟೆ. ಈ ಹೋಲಿಕೆಗೂ ವಯಸ್ಸಾಗಿದೆ. ಮೆಥಡೋನ್ ಕೂಡ ಬುಪ್ರೆನಾರ್ಫಿನ್‌ನಂತೆ ಹೆರಾಯಿನ್ ಬದಲು ಕೊಡುವ ಔಷಧ. ಆ ಚಿಕಿತ್ಸೆಯನ್ನು ನ್ಯೂಯಾರ್ಕ್‌ನಲ್ಲಿ ಶುರು ಮಾಡಿದ ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ 1965ರಲ್ಲಿ ಮೊದಲ ಫಲಿತಾಂಶ ಪ್ರಕಟಿಸಿದರು. ಎರಡು ವರ್ಷದ ನಂತರ, ಹೆರಾಯಿನ್ ಚಟವನ್ನು ಮೈಯ ರಾಸಾಯನಿಕ ವ್ಯವಸ್ಥೆ ಬದಲಾಗುವ ಕಾಯಿಲೆ ಎಂದೇ ನೋಡಬೇಕು ಎಂದು ಬರೆದರು. ಅಣ್ಣನಿಗೆ ಇದು ಹಿಡಿಸಲಿಲ್ಲ. "ಸಕ್ಕರೆ ಕಾಯಿಲೆ ಇದ್ದವರು ಮನೆ ದುಡ್ಡು ಕದಿಯಲ್ಲ," ಅಂದುಬಿಟ್ಟರು. ರೋಗಿ ಪಕ್ಕದಲ್ಲೇ ಕೂತಿದ್ದರು. ತಲೆ ತಗ್ಗಿಸಿದರು.

ಆ ಮಾತಿನಲ್ಲಿ ಸಿಟ್ಟಿಗಿಂತ ನೋವು ಜಾಸ್ತಿ ಇತ್ತು. ಅದಕ್ಕೆ ಸಮಯ ಕೊಡಬೇಕಿತ್ತು. ಮೈ ಒಂದು ಔಷಧಕ್ಕೆ ಹೊಂದಿಕೊಂಡಿರುವುದು ಬೇರೆ, ಅದಕ್ಕಾಗಿ ಬದುಕನ್ನೇ ಕಳೆದುಕೊಳ್ಳುವುದು ಬೇರೆ ಎಂದು ನಿಧಾನವಾಗಿ ಬಿಡಿಸಿ ಹೇಳಬೇಕಿತ್ತು. ಕದಿಯುವುದು ನಿಂತದ್ದೇ ಈ ಮಾತ್ರೆಯಿಂದ, ಅಲ್ವಾ? ಅದನ್ನಾದರೂ ಕೇಳಬೇಕಿತ್ತು. ನಾನು ಕೇಳಲಿಲ್ಲ. ರೋಗಿಗೂ ನಿಲ್ಲಿಸುವ ಆಸೆ ಇತ್ತು. ನನಗೂ ಒಬ್ಬರನ್ನು ಪೂರ್ತಿ ಗುಣ ಮಾಡಿದೆ ಎಂದು ಹೇಳಿಕೊಳ್ಳುವ ಆಸೆ ಇತ್ತು. ಐದು ವಾರದಲ್ಲಿ ಎಂಟರಿಂದ ಸೊನ್ನೆಗೆ ಇಳಿಸಿದೆವು.

ಕೊನೆಯ ದಿನ ಮೂವರೂ ಬಂದರು. ಕೈ ಕುಲುಕಿದೆವು. ಹೆರಾಯಿನ್ ಜಾಸ್ತಿಯಾಗಿ ಉಸಿರು ನಿಲ್ಲುವಾಗ ಮೂಗಿಗೆ ಹೊಡೆಯಲೆಂದು ನಾವು ಮನೆಯಲ್ಲಿಡಲು ಕೊಟ್ಟಿದ್ದ ನ್ಯಾಲೋಕ್ಸೋನ್ ಸ್ಪ್ರೇಯನ್ನು ಹೆಂಡತಿ ವಾಪಸ್ ತಂದುಕೊಟ್ಟರು. "ಇನ್ನು ಇದು ಬೇಕಾಗಲ್ಲ, ಬೇರೆ ಯಾರಿಗಾದ್ರೂ ಕೊಡಿ" ಅಂದರು. ನಾನು ತೆಗೆದುಕೊಂಡೆ. ಫೈಲಿನಲ್ಲಿ "ಚಿಕಿತ್ಸೆ ಮುಗಿದಿದೆ" ಎಂದು ಬರೆದೆ. ಮುಂದಿನ ಭೇಟಿಯ ತಾರೀಖು ಹಾಕಲಿಲ್ಲ.

ನನಗೆ ಗೊತ್ತಿದ್ದ ಲೆಕ್ಕ

2003ರಲ್ಲಿ ಸ್ವೀಡನ್ನಿನ ಒಂದು ಅಧ್ಯಯನ ಪ್ರಕಟವಾಯಿತು. ಹೆರಾಯಿನ್‌ಗೆ ಸಿಕ್ಕಿಕೊಂಡಿದ್ದ 40 ಜನ. ಅರ್ಧದಷ್ಟು ಜನರಿಗೆ ಒಂದು ವರ್ಷ ದಿನಾ 16 ಮಿಲಿಗ್ರಾಂ ಬುಪ್ರೆನಾರ್ಫಿನ್. ಉಳಿದ ಅರ್ಧಕ್ಕೆ ಆರು ದಿನದಲ್ಲಿ ಇಳಿಸಿ, ಆಮೇಲೆ ಔಷಧವಿಲ್ಲದ ಖಾಲಿ ಮಾತ್ರೆ. ಕೌನ್ಸೆಲಿಂಗ್ ಇಬ್ಬರಿಗೂ ಒಂದೇ, ಅದೂ ಧಾರಾಳವಾಗಿ. ವರ್ಷದ ಕೊನೆಗೆ ಔಷಧ ಪಡೆದವರಲ್ಲಿ ನೂರಕ್ಕೆ 75 ಜನ ಚಿಕಿತ್ಸೆಯಲ್ಲಿ ಉಳಿದಿದ್ದರು. ಖಾಲಿ ಮಾತ್ರೆಯ ಗುಂಪಿನಲ್ಲಿ ಒಬ್ಬರೂ ಉಳಿದಿರಲಿಲ್ಲ. ಆ 20 ಜನರಲ್ಲಿ ನಾಲ್ವರು ತೀರಿಕೊಂಡಿದ್ದರು.

2011ರಲ್ಲಿ ಅಮೆರಿಕದಿಂದ ಇನ್ನೊಂದು ಬಂತು, ಇದು ನೋವಿನ ಮಾತ್ರೆಗೆ ಸಿಕ್ಕಿಕೊಂಡವರ ಮೇಲೆ. ಹನ್ನೆರಡು ವಾರ ಬುಪ್ರೆನಾರ್ಫಿನ್ ಇದ್ದಾಗ ಸುಮಾರು ಅರ್ಧದಷ್ಟು ಜನ ಚೆನ್ನಾಗಿದ್ದರು. ಔಷಧ ನಿಲ್ಲಿಸಿ ಎಂಟು ವಾರ ಆಗುವಷ್ಟರಲ್ಲಿ ಅದು ನೂರಕ್ಕೆ 9ಕ್ಕಿಂತ ಕೆಳಗೆ ಇಳಿಯಿತು.

ಇದನ್ನೆಲ್ಲ ನಾನು ಓದಿದ್ದೆ, ಬೇರೆಯವರಿಗೆ ಪಾಠವೂ ಮಾಡಿದ್ದೆ. ಆದರೂ ಎದುರಿಗೆ ಕೂತ ಮನುಷ್ಯ ಕೆಲಸಕ್ಕೆ ಹೋಗುತ್ತಾ, ನಗುತ್ತಾ ಇದ್ದಾಗ, ಇವರು ಆ ಲೆಕ್ಕಕ್ಕೆ ಸೇರಿದವರಲ್ಲ ಅನ್ನಿಸಿಬಿಡುತ್ತದೆ. ಅವರು ಹಾಗೆ ನಗುತ್ತಿದ್ದದ್ದು ಔಷಧ ಕೆಲಸ ಮಾಡುತ್ತಿದ್ದುದರಿಂದ. ಅದನ್ನೇ ನಿಲ್ಲಿಸಲು ಕಾರಣ ಮಾಡಿಕೊಂಡೆ.

ಏಳನೇ ವಾರ

ಆರು ವಾರ ಅವರು ತಡೆದುಕೊಂಡರು. ರಾತ್ರಿ ಎರಡು ಮೂರು ಗಂಟೆ ನಿದ್ದೆ. ಯಾರಿಗೂ ಹೇಳಲಿಲ್ಲ. ಎಲ್ಲರೂ ಅಷ್ಟು ಖುಷಿಯಾಗಿದ್ದಾಗ ಏನಂತ ಹೇಳುವುದು ಎಂದು ಆಮೇಲೆ ನನ್ನನ್ನು ಕೇಳಿದರು. ನಮ್ಮಲ್ಲಿ ಬರೋಣವೆಂದರೆ ಚಿಕಿತ್ಸೆ ಮುಗಿದಿದೆ ಎಂದು ನಾನೇ ಬರೆದುಕೊಟ್ಟಿದ್ದೆ.

ಏಳನೇ ವಾರ ಒಂದು ಸಂಜೆ ಹಳೆಯ ಅಳತೆಯಲ್ಲೇ ಚುಚ್ಚಿಕೊಂಡರು. ಹಳೆಯ ಅಳತೆಯನ್ನು ತಡೆದುಕೊಳ್ಳುವ ಶಕ್ತಿ ಮೈಯಲ್ಲಿ ಉಳಿದಿರಲಿಲ್ಲ. ಇದನ್ನು ಪ್ರತಿ ಕುಟುಂಬವೂ ತಿಳಿದಿರಬೇಕು. ಬಿಟ್ಟು ಕೆಲವು ವಾರ ಆದವರು, ಕೇಂದ್ರದಿಂದ ಹೊರಬಂದವರು, ಜೈಲಿನಿಂದ ಬಿಡುಗಡೆಯಾದವರು, ಇವರಿಗೇ ಸಾವಿನ ಅಪಾಯ ಎಲ್ಲಕ್ಕಿಂತ ಜಾಸ್ತಿ. ಚಟದ ಮಧ್ಯದಲ್ಲಿ ಇದ್ದಾಗ ಜೀರ್ಣವಾಗುತ್ತಿದ್ದ ಅಳತೆಯೇ ಈಗ ಉಸಿರು ನಿಲ್ಲಿಸುತ್ತದೆ.

ಬಚ್ಚಲಮನೆಯಿಂದ ಗೊರಕೆಯಂಥ ಸದ್ದು ಕೇಳಿ ಹೆಂಡತಿ ಹೋದರು. ತುಟಿ ನೀಲಿಯಾಗಿತ್ತು. ಕೂಗಿದರೆ, ಎದೆಮೂಳೆ ಉಜ್ಜಿದರೆ ಎಚ್ಚರವಿಲ್ಲ. ಅದು ಗೊರಕೆಯಾಗಿರಲಿಲ್ಲ, ಗಂಟಲು ಮುಚ್ಚಿಕೊಳ್ಳುವ ಸದ್ದು. ನಿದ್ದೆ ಮಾಡಲಿ ಎಂದು ಬಿಟ್ಟಿದ್ದರೆ ಈ ಪ್ರಕರಣ ಅಲ್ಲಿಗೆ ಮುಗಿಯುತ್ತಿತ್ತು. ಮೊದಲ ತಿಂಗಳಲ್ಲಿ ನಮ್ಮ ನರ್ಸ್ ಹೇಳಿಕೊಟ್ಟದ್ದು ಅವರಿಗೆ ನೆನಪಿತ್ತು. ಆಂಬುಲೆನ್ಸ್‌ಗೆ ಫೋನ್ ಮಾಡಲು ಅಣ್ಣನನ್ನು ಕೂಗಿ, ಗಲ್ಲ ಎತ್ತಿ, ಮೂಗು ಹಿಡಿದು, ಐದು ಸೆಕೆಂಡಿಗೊಂದರಂತೆ ಬಾಯಿಂದ ಉಸಿರು ಕೊಟ್ಟರು. ಆಂಬುಲೆನ್ಸ್ ಬರುವ ತನಕ ನಿಲ್ಲಿಸಲಿಲ್ಲ. ನ್ಯಾಲೋಕ್ಸೋನ್ ಸಿಕ್ಕಿದ್ದು ಆಂಬುಲೆನ್ಸ್‌ನವರ ಹತ್ತಿರ. ಅದು ಓಪಿಯಾಯ್ಡನ್ನು ಆ ಜಾಗಗಳಿಂದ ಎಬ್ಬಿಸಿ ಉಸಿರು ಮರಳಿಸುತ್ತದೆ. ಆದರೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯಲ್ಲಿ ಅದರ ಬಲ ಇಳಿಯುತ್ತದೆ. ಇವರಿಗೂ ಆಸ್ಪತ್ರೆ ಮುಟ್ಟಿದ ಮೇಲೆ ಎರಡನೇ ಡೋಸ್ ಬೇಕಾಯಿತು.

ಆ ಸ್ಪ್ರೇ ನನ್ನ ಕೋಣೆಯ ಬೀರುವಿನಲ್ಲಿತ್ತು.

ಮತ್ತೆ ಶುರು

ಮರುದಿನ ವಾರ್ಡಿಗೆ ಹೋದೆ. ಗೋಡೆಯ ಕಡೆ ತಿರುಗಿ ಮಲಗಿದ್ದರು. "ನಿಮ್ಮ ಮುಖ ನೋಡೋಕೆ ಆಗಲ್ಲ" ಅಂದರು. "ತಪ್ಪು ನನ್ನದು. ನಿಲ್ಲಿಸಬಾರದಿತ್ತು, ನಿಲ್ಲಿಸಿದ ಮೇಲೂ ಕೈಬಿಡಬಾರದಿತ್ತು" ಎಂದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾತ್ರೆ ಮತ್ತೆ ಕೊಡ್ತೀರಾ?" ಅಂತ ಕೇಳಿದರು.

ವಾರ್ಡಿನಲ್ಲೇ ಎರಡು ಮಿಲಿಗ್ರಾಂನಿಂದ ಶುರು ಮಾಡಿದೆವು. ಮೈಗೆ ಅಭ್ಯಾಸ ತಪ್ಪಿತ್ತು, ಆದ್ದರಿಂದ ಹತ್ತು ದಿನ ತೆಗೆದುಕೊಂಡು ನಿಧಾನವಾಗಿ 16ಕ್ಕೆ ಏರಿಸಿದೆವು. ಈ ಸಲ ಮುಗಿಸುವ ತಾರೀಖು ಹಾಕಲಿಲ್ಲ.

ಮೆಥಡೋನ್ ಬಗ್ಗೆಯೂ ಮಾತಾಡಿದೆವು. ಅದೂ ಚೆನ್ನಾಗಿ ಕೆಲಸ ಮಾಡುವ ಔಷಧ, ಕೆಲವರಿಗೆ ಇದಕ್ಕಿಂತ ಚೆನ್ನಾಗಿ. ವಿಶ್ವ ಆರೋಗ್ಯ ಸಂಸ್ಥೆ ಎರಡನ್ನೂ 2005ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಮೆಥಡೋನ್ ಮೈಯಲ್ಲಿ ನಿಧಾನವಾಗಿ ಶೇಖರವಾಗುತ್ತದೆ, ಮೊದಲ ವಾರಗಳಲ್ಲಿ ತುಂಬ ಎಚ್ಚರ ಬೇಕು, ಹೃದಯದ ಲಯದ ಮೇಲೂ ಕಣ್ಣಿಡಬೇಕು. ಬುಪ್ರೆನಾರ್ಫಿನ್ ಇವರಿಗೆ ಒಗ್ಗಿದ್ದರಿಂದ ಅದನ್ನೇ ಮುಂದುವರಿಸಿದೆವು.

ಅಣ್ಣನ ಜೊತೆ ಒಂದು ಗಂಟೆ ಕೂತೆ. ಹೋಲಿಕೆ ಬಿಟ್ಟು ಲೆಕ್ಕ ಹೇಳಿದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2017ರಲ್ಲಿ ಒಂದು ವಿಶ್ಲೇಷಣೆ ಬಂದಿದೆ. ಸಾವಿರ ಜನರನ್ನು ಒಂದು ವರ್ಷ ನೋಡಿದರೆ, ಮೆಥಡೋನ್ ಚಿಕಿತ್ಸೆಯಲ್ಲಿ ಇದ್ದಾಗ ಸುಮಾರು 11 ಸಾವು, ಚಿಕಿತ್ಸೆ ಬಿಟ್ಟಾಗ 36. ಬುಪ್ರೆನಾರ್ಫಿನ್‌ನಲ್ಲಿ ಇದ್ದಾಗ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ, ಬಿಟ್ಟಾಗ ಒಂಬತ್ತೂವರೆ. ಅಣ್ಣ ಕೇಳಿಸಿಕೊಂಡರು. ಒಪ್ಪಿದೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, "ಆ ಮೂಗಿಗೆ ಹಾಕೋದು ಹೇಗೆ ಅಂತ ನನಗೂ ತೋರಿಸಿ" ಅಂದರು.

ನಡುವಿನ ವರ್ಷಗಳು

ದೀರ್ಘಕಾಲದ ಆರೈಕೆಯಲ್ಲಿ ಬರೆಯುವಂಥ ಘಟನೆ ಕಡಿಮೆ. ವಾರಕ್ಕೊಮ್ಮೆ ಬರುತ್ತಿದ್ದವರು ಎರಡು ವಾರಕ್ಕೆ, ಆಮೇಲೆ ತಿಂಗಳಿಗೆ. ಬೆವರು, ಮಲಬದ್ಧತೆ, ಒಣಗುವ ಬಾಯಿ. ನಾಲಿಗೆಯ ಕೆಳಗೆ ಕರಗಿಸುವ ಮಾತ್ರೆಯಿಂದ ಹಲ್ಲು ಹಾಳಾಗಬಹುದು. ಆದ್ದರಿಂದ ಕರಗಿದ ಮೇಲೆ ನೀರು ಮುಕ್ಕಳಿಸಬೇಕು, ಹಲ್ಲುಜ್ಜಲು ಒಂದು ಗಂಟೆ ಕಾಯಬೇಕು. ಇಂಥದ್ದನ್ನು ಪ್ರತಿ ಸಲ ಕೇಳುವುದೇ ಕೆಲಸ.

ಎರಡನೇ ವರ್ಷದಲ್ಲಿ ಮೂರು ಸಲ ಹೆರಾಯಿನ್ ತೆಗೆದುಕೊಂಡರು. ಮೂರು ಸಲವೂ ತಾವಾಗಿಯೇ ಹೇಳಿದರು. ಮೂತ್ರದಲ್ಲಿ ಹೆರಾಯಿನ್ ಕಂಡರೆ ಚಿಕಿತ್ಸೆಯಿಂದಲೇ ತೆಗೆದುಹಾಕುವ ಕಡೆಗಳೂ ಇವೆ. ಕಾಯಿಲೆಯ ಲಕ್ಷಣ ಕಂಡಿತು ಎಂದು ಔಷಧ ಕಿತ್ತುಕೊಳ್ಳುವುದು ಯಾವ ನ್ಯಾಯ? ನಾನು ಡೋಸ್ ಮುಟ್ಟಲಿಲ್ಲ. ಆ ಮೂರು ದಿನ ಏನಾಗಿತ್ತು ಎಂದು ಕೇಳಿದೆ. ಮೂರೂ ದಿನ ಏಣಿ ಹತ್ತಿ ಇಳಿದ ಕೆಲಸ, ಸಂಜೆ ತಡೆಯಲಾರದ ಬೆನ್ನುನೋವು. ಬುಪ್ರೆನಾರ್ಫಿನ್ ಬಯಕೆಯನ್ನು ಒಂದು ದಿನ ತಡೆಯುತ್ತದೆ, ನೋವನ್ನು ಆರೆಂಟು ಗಂಟೆ ಮಾತ್ರ. ಅದೇ 16 ಮಿಲಿಗ್ರಾಂ ಅನ್ನು ಬೆಳಿಗ್ಗೆ ಸಂಜೆ ಎಂದು ಎರಡಾಗಿ ಮಾಡಿದೆವು. ಬೆನ್ನಿಗೆ ಫಿಸಿಯೋಥೆರಪಿ ಶುರುವಾಯಿತು. ಆಮೇಲೆ ಸೂಜಿ ಮುಟ್ಟಿಲ್ಲ.

ಬೆಳಿಗ್ಗೆ ಐದರ ವಿಷಯ ಹೊರಬಂದದ್ದೂ ಆ ಮಾತುಕತೆಯಲ್ಲೇ.

ಕೌನ್ಸೆಲಿಂಗ್‌ಗೆ ಅವರು ಕೆಲವು ತಿಂಗಳು ಬಂದರು, ಕೆಲವು ತಿಂಗಳು ತಪ್ಪಿಸಿದರು. ಅದು ಉಪಯೋಗಕ್ಕೆ ಬಂತು. ತಪ್ಪಿಸಿದಾಗಲೂ ಔಷಧ ತಡೆಹಿಡಿಯಲಿಲ್ಲ. ನಾನು ಖಡಾಖಂಡಿತ ಬೇಡ ಅಂದದ್ದು ನಿದ್ದೆ ಮಾತ್ರೆಗೆ. ಬೇರೆ ಕಡೆ ತೋರಿಸಿದಾಗ ಬೆಂಜೊಡಯಾಜಪೈನ್ ಜಾತಿಯದು ಬರೆದುಕೊಟ್ಟಿದ್ದರು. ಅದು ಅಥವಾ ಮದ್ಯ ಇದರ ಜೊತೆ ಸೇರಿದರೆ ಉಸಿರು ಕುಗ್ಗುವ ಅಪಾಯ ಮತ್ತೆ ಬರುತ್ತದೆ.

ಐದನೇ ವರ್ಷ ಪಿತ್ತಕೋಶದ ಆಪರೇಷನ್ ಆಯಿತು. ಚಟದ ವಿಷಯ ಹೇಳಿದರೆ ಹೇಗೆ ನೋಡಿಕೊಳ್ಳುತ್ತಾರೋ ಎಂದು ಶಸ್ತ್ರಚಿಕಿತ್ಸಕರಿಗೆ ಹೇಳಿರಲಿಲ್ಲ. ಹಿಂದಿನ ವಾರ ನನಗೆ ತಿಳಿಯಿತು, ಅವರ ಎದುರಿಗೇ ಫೋನ್ ಮಾಡಿದೆ. ಆಪರೇಷನ್‌ಗೆ ಮೊದಲು ಬುಪ್ರೆನಾರ್ಫಿನ್ ನಿಲ್ಲಿಸುವ ರೂಢಿ ಹಿಂದೆ ಇತ್ತು, ವಾರ್ಡಿನವರೂ ಹಾಗೇ ಯೋಚಿಸಿದ್ದರು. ನಿಲ್ಲಿಸಬೇಡಿ, ಮೂರು ಭಾಗ ಮಾಡಿ ಕೊಡಿ, ಅದರ ಮೇಲೆ ಬೇರೆ ನೋವಿನ ಔಷಧ ಸೇರಿಸಿ ಎಂದು ಬರೆದು ಕಳಿಸಿದೆ. ಹಾಗೇ ಮಾಡಿದರು. ಒಂದು ರಾತ್ರಿ ನೋವು ಜಾಸ್ತಿ ಎಂದು ಕೇಳಿದ್ದಕ್ಕೆ "ಔಷಧಕ್ಕಾಗಿ ಪೀಡಿಸುತ್ತಾರೆ" ಎಂದು ಯಾರೋ ದಾಖಲೆಯಲ್ಲಿ ಬರೆದಿದ್ದರು. ಹೊಟ್ಟೆ ಕೊಯ್ದ ಮೊದಲ ರಾತ್ರಿ ಯಾರಿಗೆ ನೋವಿರುವುದಿಲ್ಲ? ಆ ಸಾಲು ತೆಗೆಸಲು ಎರಡು ದಿನ ಹಿಡಿಯಿತು. ಬಿಡದೆ ತೆಗೆಸಿದೆ, ಏಕೆಂದರೆ ಮುಂದಿನ ಆಸ್ಪತ್ರೆಯವರು ಮೊದಲು ಓದುವುದು ಅದನ್ನೇ.

ಈಗ

ಅವರಿಗೀಗ 41. ಕೈಕೆಳಗೆ ಇಬ್ಬರು ಹುಡುಗರನ್ನು ಇಟ್ಟುಕೊಂಡು ಕೆಲಸ ಮಾಡಿಸುತ್ತಾರೆ, ಏಣಿ ಹತ್ತುವುದು ಕಡಿಮೆ. ಹೋದ ವರ್ಷ ಡೋಸ್ ಸ್ವಲ್ಪ ಇಳಿಸಿ ನೋಡೋಣವಾ ಎಂದು ಅವರೇ ಕೇಳಿದರು. ಈ ಸಲ ಆಸೆ ಅವರದ್ದು ಮಾತ್ರ, ಅವಸರ ಯಾರದ್ದೂ ಇರಲಿಲ್ಲ. ಆರು ತಿಂಗಳಲ್ಲಿ 16ರಿಂದ 12ಕ್ಕೆ ಬಂದೆವು. ಅಲ್ಲಿಂದ 10ಕ್ಕೆ ಇಳಿಸಿದ ವಾರ, ಬೆಳಿಗ್ಗೆ ಎಷ್ಟು ಗಂಟೆಗೆ ಎಚ್ಚರ ಆಗುತ್ತೆ ಎಂದು ಕೇಳಿದೆ.

"ಐದಕ್ಕೆ," ಅಂದರು.

ಆ ದಿನವೇ 12ಕ್ಕೆ ವಾಪಸ್ ಹೋದೆವು. ಮುಂದಿನ ತಿಂಗಳು ಬಂದಾಗ ಅದನ್ನೇ ಕೇಳಿದೆ. ಏಳಾದರೂ ಎಚ್ಚರ ಆಗಲ್ಲ, ಹೆಂಡತಿ ಎಬ್ಬಿಸಬೇಕು ಅಂದರು.

ಸದ್ಯ 12 ಮಿಲಿಗ್ರಾಂ, ಎರಡು ಹೊತ್ತು. ಎಡಗಡೆಯ ಒಂದು ದವಡೆ ಹಲ್ಲು ತೋರಿಸಲು ಹೇಳಿದ್ದೇನೆ. ಮುಂದಿನ ಭೇಟಿ ನಾಲ್ಕು ವಾರಕ್ಕೆ. ಮನೆಯಲ್ಲಿರುವ ನ್ಯಾಲೋಕ್ಸೋನ್ ಅವಧಿ ಆ ತಿಂಗಳೇ ಮುಗಿಯುತ್ತದೆ. ಎರಡು ಹೊಸದು ಕೊಡಬೇಕು, ಒಂದು ಹೆಂಡತಿಯ ಹತ್ತಿರ, ಒಂದು ಅಣ್ಣನ ಹತ್ತಿರ, ಎಂದು ಫೈಲಿನ ಮೇಲೆ ಬರೆದಿಟ್ಟಿದ್ದೇನೆ.